ಬಿಯರ್ ಕುಡಿದ ಕೀಬೋರ್ಡು

ಕಾರ್ನಿವಲ್ ಮುಗಿದ ಮಾರನೆಯ ದಿನ ನಮ್ಮ ಎಲ್ ಆಲ್ತೊ ಊರಿಗೆ ಊರೇ ತಲೆ ಹಿಡಿದುಕೊಂಡು ಏಳುತ್ತದೆ. ದೋನ್ಯಾ ಕಾಸಿಮಿರಾ ಚೊಕೆ ಮಾತ್ರ ಅವತ್ತು ಜಡೆಗೆ ಎಣ್ಣೆ ಹಚ್ಚಿ, ಒಳ್ಳೆಯ ಪೊಯೆರಾ ಲಂಗ ಉಟ್ಟು, ಹ್ಯಾಟು ಸರಿಮಾಡಿಕೊಂಡು ರಿಪೇರಿ ಅಂಗಡಿಯ ಶಟರ್ ಎತ್ತುತ್ತಾಳೆ. ಅವಳ ಸುಗ್ಗಿ ಶುರುವಾಗುವುದೇ ಆ ಬೂದಿ ಬುಧವಾರದಿಂದ. ಹಿಂದಿನ ದಿನ ಚಾಲ್ಯಾ ಮಂಗಳವಾರ. ಮನೆ, ಬಸ್ಸು, ಒಲೆ, ಹೊಲಿಗೆ ಯಂತ್ರ, ಯಾವ್ಯಾವುದು ಅನ್ನ ಕೊಡುತ್ತದೋ ಅದಕ್ಕೆಲ್ಲ ಬಣ್ಣದ ಕಾಗದದ ಸುರುಳಿ ಸುತ್ತಿ, ಹೂವಿನ ಎಸಳು ಉದುರಿಸಿ, ಭೂತಾಯಿ ಪಾಚಾಮಾಮಾಳಿಗೆ ಒಂದು ಗುಟುಕು, ಯಂತ್ರಕ್ಕೊಂದು ಗುಟುಕು, ಉಳಿದದ್ದೆಲ್ಲ ತನಗೆ ಎಂದು ಬಿಯರ್ ಸುರಿಯುವ ದಿನ. ಈಗೀಗ ಅನ್ನ ಕೊಡುವ ವಸ್ತುಗಳ ಸಾಲಿಗೆ ಕಂಪ್ಯೂಟರೂ ಸೇರಿದೆ. ಬಸ್ಸಿನ ಚಕ್ರಕ್ಕೆ ಸುರಿದರೆ ಬಸ್ಸು ಏನೂ ಅನ್ನುವುದಿಲ್ಲ. ಕಂಪ್ಯೂಟರಿಗೆ ಅಷ್ಟು ತಾಳ್ಮೆ ಇಲ್ಲ.

ಆ ಬುಧವಾರ ಮೊದಲು ಬಂದವನು ಒಬ್ಬ ಬೆರಳಚ್ಚಿನವನು. ಕಂಪ್ಯೂಟರಿನ ಡಬ್ಬವನ್ನು ಕಂಬಳಿಯಲ್ಲಿ ಸುತ್ತಿ, ಹೆರಿಗೆಗೆ ಕರೆತಂದ ಹೆಂಡತಿಯ ಹಾಗೆ ಜೋಪಾನವಾಗಿ ತಂದಿದ್ದ.

"ಬಿಯರ್ ಹಾಕಿದ್ರಾ?" ಎಂದಳು ಕಾಸಿಮಿರಾ.

"ಛೇ, ಎಲ್ಲಿಯ ಬಿಯರ್ ದೋನ್ಯಾ! ತೇವಕ್ಕೆ ಹಿಂಗಾಗಿರ್ಬೇಕು."

"ತೇವ? ಹಿಂಡದೆ ಹಾಕಿದ ಬಟ್ಟೆ ಕಣ್ಣು ಮುಚ್ಚಿ ಬಿಡೋದ್ರೊಳಗೆ ಒಣಗೋ ಊರು ಇದು."

ಅವಳು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಳು. ಒಳಗೆ ಫ್ಯಾನಿನ ರೆಕ್ಕೆಗೆ ಗುಲಾಬಿ ಕಾಗದದ ಚೂರು ಅಂಟಿಕೊಂಡಿತ್ತು, ಬಾರ್ ಒಳಗೆ ತಲೆ ಹಾಕಿದ ಹಾಗೆ ವಾಸನೆ ಬಂತು. "ಇದೇನು, ತೇವದ ಜೊತೆ ಬಂದಿದ್ದಾ?" ಎಂದು ಕಾಗದವನ್ನು ಅವನ ಅಂಗೈಯಲ್ಲಿಟ್ಟಳು. "ಗಾಳಿಗೆ ಬಂದಿರ್ಬೇಕು" ಎಂದನವನು ನೆಲ ನೋಡುತ್ತ. ಸಾಲಿನಲ್ಲಿ ನಿಂತವರು ಯಾರೂ ನಗಲಿಲ್ಲ. ಅವರ ಡಬ್ಬಗಳಲ್ಲೂ ಅದೇ ಗಾಳಿ ಬೀಸಿತ್ತು.

ಕಾಸಿಮಿರಾ ಮೊದಲು ಸಂತೆಯಲ್ಲಿ ರೇಡಿಯೋ ಸೆಲ್ ಮಾರುತ್ತಿದ್ದಳು. ಯಾರೋ ರಿಪೇರಿ ಆಗುತ್ತದೇನೋ ಎಂದು ಬಿಟ್ಟುಹೋದ ಕಂಪ್ಯೂಟರನ್ನು, ಅವನು ಮತ್ತೆ ತಲೆ ಹಾಕದಿದ್ದಾಗ, ಸಿಟ್ಟಿಗೆ ಬಿಚ್ಚಿ ಹರವಿದಳು. ಹಾಗೆ ಕೆಲಸ ಕೈಗೆ ಹತ್ತಿತು. ಮುಂದೆ ತಿಳಿದವರ ಹತ್ತಿರ ಕೂತು ಕಲಿತಳು, ಗೊತ್ತಿಲ್ಲದ್ದನ್ನು ನಾಚದೆ ಕೇಳಿದಳು, ಕೆಲವು ಯಂತ್ರಗಳನ್ನು ಪೂರ್ತಿ ಹಾಳೂ ಮಾಡಿದಳು. ಸತ್ತ ಯಂತ್ರವನ್ನು ಎಬ್ಬಿಸುವ ಸಾಫ್ಟ್‌ವೇರುಗಳನ್ನೆಲ್ಲ ಒಂದು ಪೆನ್ ಡ್ರೈವಿನಲ್ಲಿ ತುಂಬಿಕೊಂಡು ಹ್ಯಾಟಿನೊಳಗೆ ಇಟ್ಟುಕೊಳ್ಳುತ್ತಿದ್ದಳು. ನಮ್ಮೂರಲ್ಲಿ ಹೆಂಗಸಿನ ಹ್ಯಾಟಿಗೆ ಕೈ ಹಾಕುವ ಗಂಡಸು ಇನ್ನೂ ಹುಟ್ಟಿಲ್ಲವಾದ್ದರಿಂದ ಅದಕ್ಕಿಂತ ಭದ್ರವಾದ ತಿಜೋರಿ ಇರಲಿಲ್ಲ. ಆ ಪೆನ್ ಡ್ರೈವಿಗೆ ಅವಳಿಟ್ಟ ಹೆಸರು ಪಾದ್ರಿ. ಕೊನೆಯ ಗಳಿಗೆಯಲ್ಲಿ ಕರೆಸುವುದು ಪಾದ್ರಿಯನ್ನೇ ತಾನೆ?

ಅವಳಿಗಿದ್ದ ಒಂದೇ ದುಶ್ಚಟ ಕುತೂಹಲ. ಯಾರಾದರೂ ಪಾಸ್‌ವರ್ಡ್ ಮರೆತು ಬಂದರೆ ಪಾದ್ರಿಯನ್ನು ಚುಚ್ಚಿ ಚಿಟಿಕೆ ಹೊಡೆಯುವಷ್ಟರಲ್ಲಿ ಅದನ್ನು ಅಳಿಸಿ ಹಾಕಬಹುದಿತ್ತು. ಹಾಗೆ ಮಾಡುತ್ತಿರಲಿಲ್ಲ. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ನಾಯಿಯ ಹೆಸರೇನು, ಯಾವ ಫುಟ್‌ಬಾಲ್ ತಂಡ, ಮೊದಲು ಇಷ್ಟಪಟ್ಟ ಹುಡುಗಿ ಯಾರು ಎಂದು ವಿಚಾರಣೆ ನಡೆಸುತ್ತಿದ್ದಳು. "ಇಷ್ಟು ವರ್ಷದಲ್ಲಿ ಹೆಂಡ್ತಿ ಹೆಸರು ಇಟ್ಟವನು ಒಬ್ಬನೂ ಸಿಕ್ಕಿಲ್ಲ" ಎಂದು ಬೀದಿಯ ಹೆಂಗಸರಿಗೆಲ್ಲ ಹೇಳಿ ಮನೆಮನೆಯಲ್ಲಿ ಜಗಳ ಹಚ್ಚಿದ ಪುಣ್ಯವೂ ಅವಳದೇ.

ಇಂಥವಳ ಮುಂದೆ ಅವತ್ತು ಮಧ್ಯಾಹ್ನ ಇಲಾರಿಯೊ ಪೋಮಾ ಬಂದು ನಿಂತ. ಕುಣಿತದ ಉಡುಪಿಗೆ ಕಸೂತಿ ಹಾಕುವವನು. ಅವನ ಮಗಳಿಗೆ ದೀಕ್ಷಾಸ್ನಾನದ ದಿನ ಕಾಸಿಮಿರಾ ಧರ್ಮತಾಯಿಯಾಗಿ ನಿಂತಿದ್ದರಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ, ಕೊಮಾದ್ರೆ. ಒಡಹುಟ್ಟಿದವರಿಗಿಂತ ಒಂದು ತೂಕ ಹೆಚ್ಚಿನ ನಂಟು. ಅವನ ಮುಖ ಬಿಳಿಚಿಕೊಂಡಿತ್ತು. ಹಿಂದೆ ಕೈಗಾಡಿಯಲ್ಲಿ ಕಂಪ್ಯೂಟರಿತ್ತು.

"ತೇವಾನಾ ಕೊಂಪಾದ್ರೆ?"

"ಬಿಯರ್ರು" ಎಂದ ಇಲಾರಿಯೊ. ಇಡೀ ದಿನದಲ್ಲಿ ನಿಜ ಹೇಳಿದ ಮೊದಲ ಮನುಷ್ಯ. ಇವನು ಸುಳ್ಳು ಹೇಳಲೂ ತ್ರಾಣವಿಲ್ಲದಷ್ಟು ಹೆದರಿದ್ದಾನೆ ಎಂದು ಕಾಸಿಮಿರಾಳಿಗೆ ಗೊತ್ತಾಯಿತು.

ಹೆದರುವಂಥದ್ದೇ ಆಗಿತ್ತು. ಗ್ರಾನ್ ಪೊದೆರ್ ಹಬ್ಬಕ್ಕೆ ಮೊರೆನಾದಾ ಕುಣಿಯುವ ಸಂಘಗಳು ಎಷ್ಟೋ ಇವೆ. ಆದರೆ ಬಸ್ಸಿನವರ ಸಂಘಕ್ಕೂ ಅಂಗಡಿಯವರ ಸಂಘಕ್ಕೂ ಇರುವ ಹಗೆ ಬೇರೆ ಯಾರಿಗೂ ಇಲ್ಲ. ಪ್ರತಿ ವರ್ಷ ಹೊಸ ಬಣ್ಣ, ಹೊಸ ಕಸೂತಿ, ಮೆರವಣಿಗೆಯ ಬೆಳಗಿನವರೆಗೂ ಗುಟ್ಟು. ಹಬ್ಬದ ದೇವರಾದ ಪ್ರಭುವಿನ ಮುಂದೆ ನಿಂತು, ಬಾಯಿ ಬಿಡುವುದಿಲ್ಲ ಎಂದು ಎಲ್ಲರೂ ಆಣೆ ಮಾಡಬೇಕು. ಬಸ್ಸಿನವರ ಈ ಸಲದ ಉಡುಪಿನ ನಕ್ಷೆ ಇಲಾರಿಯೊನ ಕಂಪ್ಯೂಟರಿನಲ್ಲಿತ್ತು. ಭಾನುವಾರ ಸಂಘದ ಮುಖಂಡರು ನೋಡಲು ಬರುವವರಿದ್ದರು. ನಕ್ಷೆ ಇಲ್ಲವೆಂದರೆ ಇಡೀ ಕೆಲಸ ಬೇರೆ ಕಸೂತಿಯವನ ಪಾಲು. ಇಲಾರಿಯೊನ ಹೊಲಿಗೆಮನೆಗೆ ಬೀಗ. ಅವನಿಗಿದ್ದ ಇನ್ನೊಂದು ಕಷ್ಟವೆಂದರೆ, ಅದನ್ನು ಉಳಿಸಿಕೊಡಬಲ್ಲ ಒಬ್ಬಳೇ ಕೊಮಾದ್ರೆ ಅಂಗಡಿಯವರ ಸಂಘದಲ್ಲಿ ಮುಂದಿನ ಸಾಲಿನಲ್ಲಿ ಕುಣಿಯುವವಳು.

"ನೋಡದೆ ರಿಪೇರಿ ಮಾಡ್ಬೇಕು ಕೊಮಾದ್ರೆ."

"ಕಣ್ಣಿಗೆ ಬಟ್ಟೆ ಕಟ್ಕೊಂಡು ಮಾಡ್ಲಾ?"

"ತಮಾಷೆ ಅಲ್ಲ. ಆಣೆ ಇದೆ."

"ನನಗೂ ಇದೆ ಕಣ್ರೀ ಆಣೆ. ಕೂತ್ಕೊಳ್ಳಿ."

ಅವಳು ಡಬ್ಬ ಬಿಚ್ಚಿದಳು. ಕರೆಂಟಿನ ಭಾಗ ಸುಟ್ಟು ಕರಿಯಾಗಿತ್ತು, ಡಿಸ್ಕು ಮಾತ್ರ ಬದುಕಿತ್ತು. ಅದನ್ನು ಒರೆಸಿ ತನ್ನ ಯಂತ್ರಕ್ಕೆ ತಗುಲಿಸಿದಾಗ, ಡಿಸ್ಕು ಖಾಲಿ ಇದೆ, ಫಾರ್ಮ್ಯಾಟ್ ಮಾಡಲೇ ಎಂದು ಪರದೆ ಕೇಳಿತು. ಇಲಾರಿಯೊ ಎದೆ ಹಿಡಿದುಕೊಂಡ. "ಅದು ಹಾಗೇ ಕೇಳ್ತಿರುತ್ತೆ. ಹ್ಞೂಂ ಅಂತ ಒತ್ತಿದವರಿಂದಲೇ ನನ್ನ ಹೊಟ್ಟೆ ತುಂಬ್ತಿರೋದು" ಎನ್ನುತ್ತ ಅವಳು ಬೇಡ ಎಂದು ಒತ್ತಿದಳು. ಮೊದಲು ಡಿಸ್ಕಿನ ಪೂರ್ತಿ ಪ್ರತಿ ತೆಗೆದಳು, ಏನು ಕೆದಕಿದರೂ ಪ್ರತಿಯನ್ನೇ ಕೆದಕಬೇಕು ಎಂಬುದು ಅವಳು ಹಾಳು ಮಾಡಿದ ಯಂತ್ರಗಳಿಂದ ಕಲಿತ ಪಾಠ. ಆಮೇಲೆ ಹ್ಯಾಟಿನಿಂದ ಪಾದ್ರಿ ಇಳಿದ. ಅಳಿಸಿಹೋದ ಫೈಲುಗಳು ಹೆಸರು ಕಳೆದುಕೊಂಡು ಒಂದೊಂದಾಗಿ ಎದ್ದು ಬಂದವು. ಮೊಮ್ಮಕ್ಕಳ ಫೋಟೋ, ಬಿಲ್ಲು, ಎಲ್ಲೋ ಕುಣಿದ ವಿಡಿಯೋ. ಪ್ರತಿ ಸಲ ಚಿತ್ರ ಮೂಡಿದಾಗಲೂ ಇಲಾರಿಯೊ ಎದ್ದು ಎರಡೂ ಅಂಗೈಯಿಂದ ಪರದೆ ಮುಚ್ಚುತ್ತಿದ್ದ. ಕೊನೆಗೆ ಬೀಗದ ಗುರುತಿನ ಒಂದು ದೊಡ್ಡ ಫೈಲು ಬಂತು.

"ಸಿಕ್ತು! ಪೆಟ್ಟಿಗೆ ಸಿಕ್ತು!" ಎಂದು ಇಲಾರಿಯೊ ಅವಳ ಹೆಗಲು ಹಿಡಿದು ಅಲ್ಲಾಡಿಸಿದ.

ಪೆಟ್ಟಿಗೆ ಎಂದರೆ ಫೈಲುಗಳನ್ನು ಒಳಗಿಟ್ಟು ಪಾಸ್‌ವರ್ಡ್ ಹಾಕುವ ಸಾಫ್ಟ್‌ವೇರು. ಅದನ್ನು ಅವನ ಕಂಪ್ಯೂಟರಿಗೆ ಹಾಕಿಕೊಟ್ಟವಳು ಕಾಸಿಮಿರಾಳೇ. ಅವಳ ಪಾದ್ರಿಗೂ ಬಗ್ಗದ ಬೀಗ ಅದು. ಇಲಾರಿಯೊ ಅವಳನ್ನು ಆಚೆ ತಿರುಗಿಸಿ ಪಾಸ್‌ವರ್ಡ್ ಹೊಡೆದ. ತೆರೆಯಲಿಲ್ಲ. ಮತ್ತೆ ಹೊಡೆದ. ಇಲ್ಲ. ಒಂದೊಂದೇ ಅಕ್ಷರ ನೋಡಿ, ಬಟ್ಟೆಗೆ ಸೂಜಿ ಚುಚ್ಚಿದಷ್ಟು ನಿಧಾನವಾಗಿ ಹೊಡೆದ. ಇಲ್ಲ.

"ಮರೆತಿದ್ದೀರಿ."

"ಮರೆಯೋದಾ? ನಿನ್ನೆ ತಾನೇ ಇಟ್ಟಿದ್ದು!"

"ನನಗೆ ಹೇಳಿ, ನಾನು ಹೊಡೀತೀನಿ."

"ಅಯ್ಯೋ, ಅದನ್ನ ಹೇಳಿದ್ರೆ ಬಣ್ಣ ಹೇಳಿದ ಹಾಗೇ ಆಗುತ್ತಲ್ಲ!" ಎಂದವನೇ ಬಾಯಿ ಮುಚ್ಚಿಕೊಂಡ.

ಕಾಸಿಮಿರಾ ನಿಧಾನವಾಗಿ ಅವನ ಕಡೆ ತಿರುಗಿದಳು. "ಕೊಂಪಾದ್ರೆ, ಬಣ್ಣ ಗುಟ್ಟಾಗಿರ್ಲಿ ಅಂತ ಪೆಟ್ಟಿಗೆ. ಆ ಪೆಟ್ಟಿಗೆಗೆ ಬಣ್ಣದ್ದೇ ಹೆಸರು ಇಟ್ರಾ?"

"ಹಿಂದುಗಡೆ ವರ್ಷಾನೂ ಹಾಕಿದ್ದೀನಿ" ಎಂದ ಅವನು ಮೊಂಡನ ಹಾಗೆ.

ಅವನ ಹೊಟ್ಟೆಗೆ ಹಿಂದಿನ ದಿನದಿಂದ ಏನೂ ಬಿದ್ದಿರಲಿಲ್ಲ. ಕುಡಿದ ಮಾರನೆಯ ದಿನ ಖಾರದ ಫ್ರಿಕಾಸೆ ತಿನ್ನದೆ ಬುದ್ಧಿ ಬರುವುದಿಲ್ಲ, ಹೋಗಿ ತಿಂದು ಬನ್ನಿ ಎಂದು ಅವಳೇ ಒತ್ತಾಯ ಮಾಡಿ ಕಳಿಸಿದಳು. ಕಳಿಸಿದ್ದು ಕಾಳಜಿಗೋ ಇನ್ನೊಂದಕ್ಕೋ ಎಂದು ಯಾರೂ ಕೇಳದಿರುವುದು ಒಳ್ಳೆಯದು. ಅವನು ಮೂಲೆ ತಿರುಗುತ್ತಲೇ ಅವಳು ಕುರ್ಚಿ ಎಳೆದು ಕೂತಳು. ಬದನೆಕಾಯಿ ಬಣ್ಣ, ಮುಂದೆ ವರ್ಷ. ಇಲ್ಲ. ಗಿಳಿಹಸಿರು. ಇಲ್ಲ. ಸಾಸಿವೆ ಹಳದಿ, ಆಕಾಶ ನೀಲಿ, ದ್ರಾಕ್ಷಿ ಕೆಂಪು. ಬಟ್ಟೆ ಅಂಗಡಿಗೆ ಹೊಕ್ಕವಳ ಹಾಗೆ ಕಂಡ ಬಣ್ಣವನ್ನೆಲ್ಲ ಹರವಿದಳು. ಕೊನೆಗೆ ಉಳಿದದ್ದು ಹವಳದ ಬಣ್ಣ. ಅವಳ ಬೆರಳು ತಡೆಯಿತು. ಅದು ಅಂಗಡಿಯವರ ಬಣ್ಣ. ಬಟ್ಟೆ ತಂದಾಗಿತ್ತು, ಕತ್ತರಿಸಿಯೂ ಆಗಿತ್ತು, ಅವಳ ಪಾಲಿನದು ಮಂಚದ ಕೆಳಗಿನ ಟ್ರಂಕಿನಲ್ಲಿ ಮಲಗಿತ್ತು. ಉಸಿರು ಬಿಗಿ ಹಿಡಿದು ಹವಳ ಎಂದು ಹೊಡೆದು ವರ್ಷ ಸೇರಿಸಿದಳು. ಪೆಟ್ಟಿಗೆ ತೆರೆಯಲಿಲ್ಲ. ಸದ್ಯ! ಅವಳು ಎದ್ದು, ಗೋಡೆಯ ಮೇಲಿದ್ದ ಪ್ರಭುವಿನ ಚಿತ್ರಕ್ಕೆ ಕೈ ಮುಗಿದಳು. ಕದ್ದು ನೋಡುವಾಗಲೂ ದೇವರಿಗೆ ಕೈ ಮುಗಿಯುವುದು ಅವಳಿಗೆ ತಪ್ಪಿದ್ದಲ್ಲ.

ಆದರೆ ಅಷ್ಟೂ ಬಣ್ಣ ಸುಳ್ಳಾದರೆ ತಪ್ಪು ಬಣ್ಣದ್ದಲ್ಲ, ಬೇರೆ ಏನೋ ಆಗಿದೆ ಎಂದು ಅವಳ ತಲೆಗೆ ಹೊಳೆಯಿತು. ಇಲಾರಿಯೊ ತುಟಿಯ ಮೇಲಿನ ಫ್ರಿಕಾಸೆಯ ಎಣ್ಣೆ ಒರೆಸಿಕೊಳ್ಳುತ್ತ ವಾಪಸು ಬಂದಾಗ ಅವಳು ಮುಗ್ಧ ಮುಖ ಹೊತ್ತು ಕಾಯುತ್ತಿದ್ದಳು.

"ಪಾಸ್‌ವರ್ಡ್ ಇಟ್ಟಿದ್ದು ಯಾವಾಗ ಅಂದ್ರಿ?"

"ನಿನ್ನೆ, ಮಂಗಳವಾರ. ಎಲ್ಲಾನೂ ಹೊಸದು ಮಾಡೋ ದಿನ ಅಲ್ವಾ? ಪಾಸ್‌ವರ್ಡೂ ಹೊಸದಾಗ್ಲಿ, ಭೂತಾಯಿ ಆಶೀರ್ವಾದ ಅದಕ್ಕೂ ಇರ್ಲಿ ಅಂತ."

"ಬಿಯರ್ ಹಾಕೋಕೆ ಮುಂಚೇನೋ, ಆಮೇಲೋ?"

"ಮುಂಚೆ ಹಾಕಿದ್ರೆ ಆಶೀರ್ವಾದ ಹೆಂಗೆ ತಟ್ಟುತ್ತೆ? ಮೊದ್ಲು ಕೀಬೋರ್ಡಿಗೆ ಬಿಯರ್ ಹಾಕ್ದೆ, ಆಮೇಲೆ ಪಾಸ್‌ವರ್ಡ್ ಬದಲಾಯಿಸ್ದೆ. ಎರಡೆರಡು ಸಲ ಹೊಡೀರಿ ಅಂತು, ಹೊಡ್ದೆ. ಸರಿ ಅಂತು. ಖುಷಿಗೆ ಇನ್ನೊಂದು ಬಾಟ್ಲಿ ತೆಗೆದು ಡಬ್ಬದ ತಲೆ ಮೇಲೆ ಹೊಯ್ದೆ. ಆಗ ಹೊಗೆ ಬಂತು."

ಕಾಸಿಮಿರಾ ಹಣೆ ಚಚ್ಚಿಕೊಂಡಳು. "ಆ ಕೀಬೋರ್ಡ್ ಎಲ್ಲಿ?"

"ಮಾಳಿಗೆ ಮೇಲೆ. ಬಟ್ಟೆ ಒಣಗಿಸೋ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದ್ದೀನಿ."

"ಓಡಿ ಹೋಗಿ ತನ್ನಿ. ತೊಳೀಬೇಡಿ, ಒರೆಸ್ಬೇಡಿ. ಹೇಗಿದೆಯೋ ಹಾಗೇ ಬರ್ಲಿ."

ಬಂತು. ಕೀಲಿಗಳ ಸಂದಿಯಲ್ಲಿ ಬಿಯರ್ ಒಣಗಿ ಪಾಕವಾಗಿತ್ತು. ಕಾಸಿಮಿರಾ ಖಾಲಿ ಪುಟ ತೆರೆದು ಒಂದೊಂದೇ ಕೀಲಿ ಒತ್ತಿ ನೋಡಿದಳು. ಎಲ್ಲವೂ ಮಾತಾಡಿದವು, ಅಂಕಿಗಳ ಸಾಲಿನಲ್ಲಿ ಒಂದು ಮಾತ್ರ ಅಂಟಿಕೊಂಡು ಮೂಕವಾಗಿತ್ತು. ವರ್ಷ ಬರೆಯಲು ಬೇಕಾದ ಅಂಕಿ ಅದು. ಪರದೆಯ ಮೇಲೆ ಬರೀ ಚುಕ್ಕಿ ಕಾಣುವುದರಿಂದ, ಅದರಲ್ಲೂ ಕುಡಿದು ಕಣ್ಣು ಮಂಜಾಗಿದ್ದರಿಂದ, ಒಂದು ಅಂಕಿ ಬಿದ್ದುಹೋದದ್ದು ಇಲಾರಿಯೊಗೆ ಗೊತ್ತಾಗಿರಲಿಲ್ಲ. ಎರಡನೇ ಸಲ ಹೊಡೆದಾಗಲೂ ಅದೇ ಅಂಕಿ ಬಿದ್ದುಹೋಗಿತ್ತು. ಕುಂಟ ಪಾಸ್‌ವರ್ಡಿಗೆ ಕುಂಟ ಪಾಸ್‌ವರ್ಡೇ ಜೋಡಿಯಾಗಿ ಪೆಟ್ಟಿಗೆ ಒಪ್ಪಿಕೊಂಡುಬಿಟ್ಟಿತ್ತು.

"ಇದೇ ಕೀಬೋರ್ಡಲ್ಲಿ, ನಿನ್ನೆ ಹೇಗೆ ಹೊಡೆದ್ರೋ ಹಾಗೇ ಹೊಡೀರಿ. ನಾನು ಗೋಡೆ ಕಡೆ ತಿರುಗ್ತೀನಿ."

ಇಷ್ಟು ಒಳ್ಳೆಯ ಬುದ್ಧಿ ಅವಳಿಗೆ ಸುಮ್ಮನೆ ಬಂದದ್ದಲ್ಲ. ಗೋಡೆಯ ಮೇಲೆ ಪ್ರಭುವಿನ ಚಿತ್ರವಿತ್ತು, ಚಿತ್ರಕ್ಕೆ ಗಾಜಿತ್ತು, ಗಾಜಿನಲ್ಲಿ ಪರದೆ ಕಾಣುತ್ತಿತ್ತು. ಅವಳು ಜಪಕ್ಕೆ ಕೂತವಳಂತೆ ಕೈ ಕಟ್ಟಿ ಕೂತಳು. ಹಿಂದೆ ಕೀಲಿಗಳ ಟಕಟಕ ಕೇಳಿತು. ಆಮೇಲೆ ಇಲಾರಿಯೊ ಅಳುವವನ ಹಾಗೆ "ತೆರೀತು ಕೊಮಾದ್ರೆ, ತೆರೀತು" ಎಂದ. ಪ್ರಭುವಿನ ಎದೆಯ ಮೇಲೆ ನಕ್ಷೆ ಅರಳಿತು. ಬೆಳ್ಳಿ ದಾರದ ಬಳ್ಳಿ, ಅಂಚಿಗೆ ಮುತ್ತಿನ ಸಾಲು, ಅದರ ಹಿಂದೆ ತುಂಬಿದ ಹವಳದ ಬಣ್ಣ.

ಕಾಸಿಮಿರಾ ನಕ್ಕುಬಿಟ್ಟಳು. ತಡೆಯಬೇಕೆಂದು ಶಾಲಿನ ತುದಿ ಬಾಯಿಗೆ ತುರುಕಿದರೂ ನಗು ಮೂಗಿನಿಂದ ಹೊರಬಂತು. ಎರಡು ಹಗೆ ಸಂಘಗಳು ಒಂದೇ ಬಣ್ಣ ಉಟ್ಟು ಒಂದರ ಹಿಂದೊಂದು ಬೀದಿಗಿಳಿಯುವುದು! ಹೆಂಗಸರು ಜಡೆ ಜಡೆ ಹಿಡಿದು ಎಳೆದಾಡುತ್ತಾರೆ, ಊರು ನಗುತ್ತದೆ, ಇವರಿಂದ ಕದ್ದದ್ದು ಅವರು, ಅವರಿಂದ ಕದ್ದದ್ದು ಇವರು ಎಂದು ಮುಂದಿನ ಹಬ್ಬದವರೆಗೂ ರಂಪ. ನಡುವೆ ಸಿಕ್ಕಿಕೊಳ್ಳುವವನು ಈ ಬಡಪಾಯಿ ಕಸೂತಿಯವನು. ಅದು ನೆನಪಾದದ್ದೇ ಅವಳ ನಗು ನಿಂತಿತು. ಬಾಯಿ ಬಿಟ್ಟರೆ ತನ್ನ ಸಂಘದ ಆಣೆ ಮುರಿಯುತ್ತದೆ. ಬಿಡದಿದ್ದರೆ ಕೊಂಪಾದ್ರೆ ಮುಳುಗುತ್ತಾನೆ.

"ಯಾಕೆ ನಕ್ಕಿದ್ದು?" ಎಂದ ಇಲಾರಿಯೊ.

"ಏನೋ ನೆನಪಾಯ್ತು."

"ಗೋಡೆ ನೋಡ್ಕೊಂಡಾ?" ಅವನು ಗೋಡೆ ನೋಡಿದ, ಗಾಜು ನೋಡಿದ, ಗಾಜಿನೊಳಗೆ ತನ್ನದೇ ನಕ್ಷೆ ನೋಡಿದ. ಕಿವಿ ಕೆಂಪಾಯಿತು. "ಕಳ್ಳಿ! ನಂಬಿ ಬಂದೆ ನಾನು! ಆಣೆ ಇದೆ ಅಂತ ಹೇಳಿರ್ಲಿಲ್ವಾ?"

"ನಾನು ದೇವ್ರನ್ನ ನೋಡ್ತಿದ್ದೆ. ಅವನೇ ತೋರಿಸಿದ್ರೆ ನಾನೇನು ಮಾಡ್ಲಿ?"

ಇಲಾರಿಯೊ ಬೈಯಲು ಬಾಯಿ ತೆರೆದವನು ಅವಳ ಮುಖ ನೋಡಿದ. ಬಟ್ಟೆ ನೋಡಿದಾಗ ಹೆಂಗಸರ ಮುಖ ಹೇಗಾಗುತ್ತದೆ ಎಂಬುದನ್ನು ಓದಿಯೇ ಅವನು ಇಷ್ಟು ವರ್ಷ ಹೊಟ್ಟೆ ಹೊರೆದಿದ್ದ. ಗುಟ್ಟು ಕದ್ದವಳು ತೆಪ್ಪಗೆ ಒಳಗೊಳಗೇ ಹಿಗ್ಗಬೇಕು. ಇವಳು ನಕ್ಕಳು, ನಕ್ಕು ಪೆಚ್ಚಾದಳು. ಅವನು ಕುರ್ಚಿ ಎಳೆದು ಕೂತ.

"ಕೊಮಾದ್ರೆ... ನಿಮ್ದೂ...?"

"ನಾನೇನೂ ಹೇಳಿಲ್ಲ."

"ಹೇಳ್ಬೇಡಿ. ಆಣೆ ಇದೆ."

"ಅದಕ್ಕೇ ಹೇಳ್ತಿಲ್ಲ."

ಅವನ ಕಣ್ಣು ತುಂಬಿತು. ಆ ಹವಳದ ಬಣ್ಣಕ್ಕಾಗಿ ಅವನು ಒಂದಿಡೀ ವರ್ಷ ದಾರ ಅದ್ದಿ, ಒಣಗಿಸಿ, ಬಿಸಿಲಿಗೆ ಹಿಡಿದು ನೋಡಿದ್ದ. ಬಸ್ಸಿನವರು ಇನ್ನೂ ಬಟ್ಟೆ ಕೊಂಡಿರಲಿಲ್ಲ, ಆದ್ದರಿಂದ ಬದಲಾಗಬೇಕಾದವನು ತಾನೇ ಎಂದು ಅವನಿಗೆ ಗೊತ್ತಾಗಿಹೋಗಿತ್ತು. ಕಾಸಿಮಿರಾಳಿಗೆ ಆ ಗಳಿಗೆಯಲ್ಲಿ ತನ್ನ ಕುತೂಹಲದ ಮೇಲೆಯೇ ಹೇಸಿಗೆ ಹುಟ್ಟಿತು, ಅವನ ಮೇಲೆ ಕನಿಕರ ಬಂತು. ನೋಡಿದ್ದರಿಂದಲೇ ಅವನು ಉಳಿದುಕೊಂಡ ಎಂಬುದು ನಿಜ. ಆದರೂ ಹೇಸಿಗೆ ಹೇಸಿಗೆಯೇ.

ಇಲಾರಿಯೊ ಮೂಗೊರೆಸಿಕೊಂಡು ಪರದೆಯನ್ನು ಅವಳ ಕಡೆಗೇ ತಿರುಗಿಸಿದ. "ಈಗ ಬಣ್ಣ ಬದಲಾಯಿಸ್ತಾ ಹೋಗ್ತೀನಿ. ನೀವು ಏನೂ ಹೇಳ್ಬೇಡಿ. ನಗು ಬಂದ್ರೆ ನಗಿ."

ಇಟ್ಟಿಗೆ ಕೆಂಪು ಒತ್ತಿದ. ಅವಳು ನಕ್ಕಳು. ಮಾಗಿದ ಪಪ್ಪಾಯಿ ಬಣ್ಣ ಒತ್ತಿದ. ಸ್ವಲ್ಪ ನಕ್ಕಳು. ಹವಳದಿಂದ ಇನ್ನೂ ದೂರ ಹೋಗಬೇಕೆಂದು ಅವನಿಗೆ ತಿಳಿಯಿತು. ಸಾಸಿವೆ ಹಳದಿಗೆ ಅವಳು ನಗಲಿಲ್ಲ, ಅವನೇ ಮುಖ ಹಿಂಡಿ ಬಿಟ್ಟುಬಿಟ್ಟ. ಹಾಗೆ ಒತ್ತುತ್ತ ಒತ್ತುತ್ತ ನವಿಲುಗರಿಯ ಬಣ್ಣ ಬಂತು. ಹಸಿರೋ ನೀಲಿಯೋ ಹೇಳಲಾಗದ ಆ ಬಣ್ಣದ ಮೇಲೆ ಬೆಳ್ಳಿ ಬಳ್ಳಿ ಈಗಷ್ಟೇ ಚಿಗುರಿದ ಹಾಗೆ ಕಂಡಿತು. ಹವಳದ ಮೇಲೆ ಅದು ಇಷ್ಟು ಚಂದ ಇರಲೇ ಇಲ್ಲ. ಕಾಸಿಮಿರಾ ಮನಸ್ಸಿನಲ್ಲೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಇದು ಬೀದಿಗೆ ಬಂದರೆ ಅಂಗಡಿಯವರ ಹವಳವನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಒಂದು ನಗು ಸಾಕಿತ್ತು. ಸುಮ್ಮನೆ ಹಲ್ಲು ತೋರಿಸಿದ್ದರೂ ಅವನು ಆ ಬಣ್ಣವನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದ. ಅವಳ ತುಟಿಯ ತುದಿ ಅದುರಿತು. ಇಲಾರಿಯೊ ಪರದೆ ನೋಡುತ್ತಿರಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದ. ಕಳ್ಳಿ ಎಂದು ಬೈದು ಇನ್ನೂ ಬಾಯಿ ಆರಿರಲಿಲ್ಲ, ಆಗಲೇ ಪೂರ್ತಿ ನಂಬಿಕೊಂಡು ಕೂತಿದ್ದ.

"ಇದಕ್ಕೆ?"

ಅವಳು ನಗಲಿಲ್ಲ.

ಅವನು ಅದನ್ನೇ ಉಳಿಸಿದ. ಹೊಸ ಪಾಸ್‌ವರ್ಡ್ ಹಾಕುವಾಗ ಅವಳನ್ನು ಮತ್ತೆ ಗೋಡೆ ಕಡೆ ತಿರುಗಿಸಿ, ತನ್ನ ಟೋಪಿ ತೆಗೆದು ಪ್ರಭುವಿನ ಮುಖಕ್ಕೆ ನೇತುಹಾಕಿದ. "ಸ್ವಾಮಿ, ಸ್ವಲ್ಪ ಹೊತ್ತು ನೀನೂ ನೋಡ್ಬೇಡ" ಎಂದ.

ಗ್ರಾನ್ ಪೊದೆರ್ ದಿನ ಬಸ್ಸಿನವರು ಮುಂದೆ, ಅಂಗಡಿಯವರು ಹಿಂದೆ. ಬಸ್ಸಿನವರು ತಿರುವಿನಲ್ಲಿ ಕಾಣಿಸಿಕೊಂಡಾಗ ಬೆಂಚಿನ ಮೇಲೆ ಕೂತಿದ್ದ ಜನ ಎದ್ದು ನಿಂತರು. ನವಿಲುಗರಿಯ ಲಂಗಗಳು ಒಟ್ಟಿಗೆ ತಿರುಗಿದವು, ಬ್ಯಾಂಡಿನವರಿಗೇ ಒಂದು ಕ್ಷಣ ತಾಳ ತಪ್ಪಿತು ಎಂದು ನೋಡಿದವರು ಈಗಲೂ ಹೇಳುತ್ತಾರೆ. ಅಂಗಡಿಯವರ ಸರದಿ ಬರುವ ಹೊತ್ತಿಗೆ ಜನ ಕೂತು ಬಿಯರ್ ಸುರಿದುಕೊಳ್ಳುತ್ತಿದ್ದರು. ಹವಳದ ಲಂಗ ಉಟ್ಟ ಕಾಸಿಮಿರಾ ಮುಂದಿನ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕುಣಿದಳು. ಅಂಚಿನಲ್ಲಿ ನಿಂತಿದ್ದ ಇಲಾರಿಯೊ ಅವಳನ್ನು ನೋಡಿ ಲೋಟ ಎತ್ತಿದ. ಅವಳು ನೋಡದ ಹಾಗೆ ಮುಖ ತಿರುಗಿಸಿದಳು.

ಪಕ್ಕದಲ್ಲಿ ಕುಣಿಯುತ್ತಿದ್ದ ಅವಳ ಸಂಘದ ಹೆಂಗಸು ಏದುಸಿರು ಬಿಡುತ್ತ ಹಲುಬಿದಳು. "ಎಂಥ ಬಣ್ಣ ತಂದ್ಬಿಟ್ರು ನೋಡೇ ಹಾಳಾದೋರು! ಮೊದ್ಲೇ ಒಂಚೂರು ಗೊತ್ತಾಗಿದ್ರೆ ಹೇಗಾದ್ರೂ ಮಾಡಿ ತಪ್ಪಿಸ್ಬೋದಿತ್ತು, ಅಲ್ವಾ?"

"ಹ್ಞೂಂ, ತಪ್ಪಿಸ್ಬೋದಿತ್ತು" ಎಂದಳು ಕಾಸಿಮಿರಾ. "ಸುಮ್ನೆ ಕುಣಿ."